ನಾನು ಕಲಿತ ಮೂರು ವಿಜ್ಞಾನ ಪಾಠಗಳು

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಉಪಾಧ್ಯಾಯಿನಿಯವರು ಅಪ್ಪಣೆ ಮಾಡಿದಾಗ, ಬರೆಯತಕ್ಕ ವಿಷಯವು ನನಗೆ ಬೇಗನೆ ತೋಚಲಿಲ್ಲ. ಹಿಂದಿನ ಸಂಚಿಕೆಗಳನ್ನು ತೆಗೆದು ನೋಡಿದೆನು. ಹಿರಿಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಾವು ಮಾಡಿದ ಯಾತ್ರೆಗಳನ್ನೂ, ಕೆಲವರು ಮಹನೀಯರ ಚರಿತ್ರೆಗಳನ್ನೂ ಬರೆದಿದ್ದರು. ನಾನು ದೂರದೇಶಗಳನ್ನು ಕಂಡವಳಲ್ಲ. ನಂಜನಗೂಡು ನನ್ನ ತಂದೆಯ ಸೀಮೆ. ತಿರುಮಕೂಡಲು ನರಸೀಪುರವು ನನ್ನ ತಾಯಿಯ ತವರು. ರಜಾದಿನಗಳಲ್ಲಿ ಈ ಎರಡು ಕಡೆಗಳಿಗೆ ಹೋಗಿಬರುವುದಷ್ಟೇ ನನ್ನ ಯಾತ್ರೆ. ಆದರೂ ತರಗತಿಯಲ್ಲಿ ಕಲಿತ ಮೂರು ಪಾಠಗಳು ಈ ಸೀಮೆಯಲ್ಲಿಯೇ ನನಗೆ ಚೆನ್ನಾಗಿ ಅರ್ಥವಾದುವು. ಅವುಗಳಲ್ಲಿ ಮೊದಲನೆಯದು ಹೊಳೆಗೆ ಸಂಬಂಧಪಟ್ಟದ್ದು. ಎರಡನೆಯದು ಮರಳಿಗೆ ಸಂಬಂಧಪಟ್ಟದ್ದು. ಮೂರನೆಯದು ಬಾಳೆಯ ಗಿಡಕ್ಕೂ ನಮ್ಮ ಮನೆಯವರೊಬ್ಬರಿಗೂ ಸಂಬಂಧಪಟ್ಟದ್ದು. ಈ ಕೊನೆಯದನ್ನು ಹೇಳುವುದಕ್ಕಾಗಿಯೇ ಮೊದಲಿನ ಎರಡನ್ನೂ ಹೇಳುತ್ತಿರುವೆನೆಂದು ವಾಚಕರು ತಿಳಿಯಬಹುದು.

೧. ಬಿಸಿಲಿನಲ್ಲಿ ಬಂದ ಪ್ರವಾಹ

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕಪಿಲಾ ನದಿಯು ತುಂಬಿ ನಂಜನಗೂಡಿನ ತಗ್ಗಿನ ಪ್ರದೇಶಗಳಿಗೆ ನುಗ್ಗಿದ್ದು ತಮ್ಮಲ್ಲಿ ಅನೇಕರಿಗೆ ಜ್ಞಾಪಕವಿರಬಹುದು. ಹೊಳೆಯ ಹದಿನಾರುಕಾಲು ಮಂಟಪವು ನೀರಿನಲ್ಲಿ ಮುಳುಗಿತು. ಮೈಸೂರಿನ ರಸ್ತೆಯ ಮೇಲೆ ನೀರು ಹರಿದು ವಾಹನಗಳ ಸಂಚಾರವು ನಿಂತುಹೋಯಿತು. ಅದರ ಹಿಂದಿನ ವರ್ಷದಲ್ಲಿಯೂ ಹೀಗೆಯೇ ಆಗಿತ್ತು. ನಾನಾಗ ಚಿಕ್ಕ ಹುಡುಗಿ. ತಾತನ ಕೈಯನ್ನು ಹಿಡಿದುಕೊಂಡು ದೂರದಿಂದ ಆ ಕೆಂಪು ನೀರನ್ನು ನೋಡುತ್ತ ನಿಂತಿದ್ದೆನು. ಒಂದು ದಿನ ಮಧ್ಯಾಹ್ನ ಬಿಸಿಲು ಕಾಯುತ್ತಿದ್ದರೂ ನೀರು ಇಳಿಯುವುದಕ್ಕೆ ಬದಲಾಗಿ ಏರುತ್ತಲೇ ಇದ್ದಿತು.

“ತಾತ, ಮಳೆಯೇ ಇಲ್ಲವಲ್ಲ, ಈ ನೀರು ಎಲ್ಲಿಂದ ಬರುತ್ತದೆ?” ಎಂದು ಕೇಳಿದೆನು.

“ಮೇಲಿನಿಂದ ಬರುತ್ತದೆ, ಕೂಸೇ,” ಎಂದರು.

ಮೇಲೆ ಎಂದರೆ ಆಕಾಶವೆಂದು ತಿಳಿದು ನಾನು ತಲೆಯೆತ್ತಿ ನೋಡಿದೆನು. ಅಲ್ಲಿ ಒಂದು ಮೋಡವೂ ಇರಲಿಲ್ಲ. ಆ ರಾತ್ರಿ ನನಗೆ ಹೆದರಿಕೆಯಿಂದ ನಿದ್ರೆ ಬರಲಿಲ್ಲ.

ತಾತನು ಹೇಳಿದ “ಮೇಲು” ಯಾವುದೆಂಬುದು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಒಂದು ದಿನ ಉಪಾಧ್ಯಾಯಿನಿಯವರು ಗಾಜಿನ ಲೋಟದಲ್ಲಿ ನೀರನ್ನೂ ಮಂಜುಗಡ್ಡೆಯನ್ನೂ ಹಾಕಿ ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈಯಲ್ಲಿ ಹನಿಗಳು ಕಾಣಿಸಿದುವು. ಈ ನೀರು ಎಲ್ಲಿಂದ ಬಂದಿತೆಂದು ಕೇಳಿದರೆ, ಒಳಗಿನಿಂದ ಸೋರಿತೆಂದು ನಮ್ಮಲ್ಲಿ ಅರ್ಧ ಮಂದಿ ಹೇಳಿದೆವು. ಅವರು ನಮ್ಮನ್ನು ಗದರಿಸಲಿಲ್ಲ. ಮತ್ತೊಂದು ಲೋಟದ ನೀರಿಗೆ ಶಾಯಿಯನ್ನು ಬೆರಸಿ ಮಂಜುಗಡ್ಡೆಯನ್ನು ಹಾಕಿದರು. ಒಳಗಿನ ನೀರು ನೀಲಿಯಾಗಿದ್ದರೂ ಹೊರಗಿನ ಹನಿಗಳು ತಿಳಿಯಾಗಿಯೇ ಇದ್ದುವು. ಗಾಳಿಯಲ್ಲಿ ಅಡಗಿದ್ದ ಆವಿಯೇ ತಣ್ಣನೆಯ ಗಾಜನ್ನು ಸೋಕಿ ಹನಿಯಾಯಿತೆಂಬುದನ್ನು ನಾವು ಒಪ್ಪಲೇಬೇಕಾಯಿತು. ಬಾಯಿಮಾತಿನ ವಾದಕ್ಕಿಂತ ಒಂದು ತೊಟ್ಟು ಶಾಯಿಯು ಹೆಚ್ಚು ಬಲವುಳ್ಳದ್ದೆಂದು ನಾನು ಆ ದಿನ ಕಂಡೆನು.

ಪಶ್ಚಿಮ ಘಟ್ಟಗಳಲ್ಲಿ ನಡೆಯುವುದೂ ಇದೇ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತವು ಆವಿಯನ್ನು ಹೊತ್ತುಕೊಂಡು ಬಂದು ಘಟ್ಟಕ್ಕೆ ತಗುಲಿ ಮೇಲಕ್ಕೆ ಏರುತ್ತದೆ. ಒಂದು ಕಿಲೋಮೀಟರ್ ಎತ್ತರಕ್ಕೆ ಸುಮಾರು ೬ ಡಿಗ್ರಿಗಳಂತೆ ಗಾಳಿಯು ತಣ್ಣಗಾಗುವುದು. ತಣ್ಣಗಿನ ಗಾಳಿಯು ಹೆಚ್ಚು ಆವಿಯನ್ನು ಹೊರಲಾರದು. ಆದಕಾರಣ ಅದು ಮಳೆಯಾಗಿ ಸುರಿಯುವುದು. ವಯನಾಡಿನ ಲಕ್ಕಿಡಿ ಮೊದಲಾದ ಕಡೆಗಳಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆ. ಅದೇ ಗಾಳಿಯು ಘಟ್ಟವನ್ನಿಳಿದು ನಮ್ಮ ಸೀಮೆಗೆ ಬರುವ ವೇಳೆಗೆ ಬರಿಗೈಯವನಂತಾಗಿರುತ್ತದೆ. ನಂಜನಗೂಡಿನಲ್ಲಿ ವರ್ಷದ ಮಳೆಯು ೭೦೦ ಮಿಲಿಮೀಟರಿನ ಆಸುಪಾಸು ಮಾತ್ರ. ನಮ್ಮ ಕಪಿಲೆಯಾದರೋ ವಯನಾಡಿನಲ್ಲಿ ಮಾನಂದವಾಡಿ, ಪನಮರಂ ಎಂಬ ಎರಡು ಹೊಳೆಗಳು ಕೂಡಿ ಹುಟ್ಟಿದವಳು. ಹೊಳೆಯು ನಮ್ಮದಾದರೂ ಅದರ ಮಳೆಯು ನಮ್ಮದಲ್ಲ. ತಾತನ “ಮೇಲು” ಆಕಾಶವಲ್ಲ, ಆ ಮಲೆಗಳು.

ಇದನ್ನು ತಿಳಿದುದರಿಂದ ಪ್ರಯೋಜನವೇನೆಂದು ಕೇಳುವವರುಂಟು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಇದೆ. ವಯನಾಡಿನಲ್ಲಿ ಮಳೆಯು ಹೆಚ್ಚಿ ಜಲಾಶಯವು ತುಂಬಿದರೆ ನೀರನ್ನು ಕೆಳಕ್ಕೆ ಬಿಡಲೇಬೇಕಾಗುವುದು. ಆ ನೀರು ನಮ್ಮನ್ನು ಮುಟ್ಟುವುದಕ್ಕೆ ಕೆಲವು ಗಂಟೆಗಳ ಹೊತ್ತು ಬೇಕು. ಈಗ ನಮ್ಮ ಮನೆಯಲ್ಲಿ ಮಳೆಗಾಲ ಬಂದರೆ ನಮ್ಮ ಊರಿನ ಆಕಾಶವನ್ನು ನೋಡುವುದಕ್ಕಿಂತ ಮೊದಲು ವಯನಾಡಿನ ಮಳೆಯ ಸುದ್ದಿಯನ್ನು ನೋಡುತ್ತೇವೆ. ಹೊಳೆಯ ಮಗ್ಗುಲಿನ ಕೊಟ್ಟಿಗೆಯಿಂದ ದನಗಳನ್ನು ಬಿಚ್ಚಿ ಎತ್ತರಕ್ಕೆ ಕಟ್ಟುವುದಕ್ಕೆ ಅಷ್ಟು ಗಂಟೆಗಳು ಸಾಕು.

೨. ತಲಕಾಡಿನ ಮರಳು

ಎರಡನೆಯ ಪಾಠವು ನನ್ನ ತಾಯಿಯ ತವರಿನ ಕಡೆಯದು. ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಸೇರುವುದು ಎಲ್ಲರಿಗೂ ತಿಳಿದ ವಿಷಯ. ಸ್ಫಟಿಕ ಸರೋವರವೆಂಬ ಗುಪ್ತತೀರ್ಥವೂ ಅಲ್ಲಿ ಕೂಡುವುದೆಂಬ ನಂಬಿಕೆಯಿಂದ ಅದನ್ನು ತ್ರಿವೇಣೀ ಸಂಗಮವೆಂದು ಕರೆಯುತ್ತಾರೆ. ೧೯೮೯ರಿಂದ ಅಲ್ಲಿ ಕುಂಭಮೇಳವೂ ನಡೆಯುತ್ತ ಬಂದಿದೆ. ಒಂದು ಬೇಸಗೆಯ ರಜೆಯಲ್ಲಿ ನಾನು ಸಂಗಮದ ದಡದಿಂದ ಒಂದು ಸೀಸೆಯಲ್ಲಿ ಮಣ್ಣನ್ನೂ ಮರಳನ್ನೂ ತುಂಬಿಕೊಂಡು ಬಂದು ಉಪಾಧ್ಯಾಯಿನಿಯವರಿಗೆ ಕೊಟ್ಟೆನು. ಅವರು ಅದಕ್ಕೆ ನೀರು ಹಾಕಿ ಚೆನ್ನಾಗಿ ಕುಲುಕಿ ಮೇಜಿನ ಮೇಲಿಡಿಸಿದರು. ದಪ್ಪ ಮರಳು ಕೂಡಲೇ ತಳಕ್ಕೆ ಇಳಿಯಿತು. ಸಣ್ಣ ಮರಳು ಅದರ ಮೇಲೆ ಕುಳಿತಿತು. ಜೇಡಿಯು ಮಾತ್ರ ಮಾರನೆಯ ದಿನದವರೆಗೂ ನೀರನ್ನು ಬಗ್ಗಡವಾಗಿಯೇ ಇಟ್ಟಿತು. ನೀರಿನ ವೇಗವು ಹೆಚ್ಚಾಗಿದ್ದರೆ ಅದು ದಪ್ಪ ಕಣವನ್ನೂ ಹೊರುವುದು. ವೇಗವು ಕುಗ್ಗಿದಂತೆಲ್ಲ ಮೊದಲು ದಪ್ಪದ್ದನ್ನೂ ಬಳಿಕ ಸಣ್ಣದ್ದನ್ನೂ ಕೆಳಗಿಳಿಸುವುದು. ಹೊಳೆಯು ತಿರುಗುವ ಕಡೆ ಒಳಮಗ್ಗುಲಿನ ನೀರು ನಿಧಾನವಾಗುವುದರಿಂದ ಅಲ್ಲಿ ಮರಳು ಸೇರುತ್ತ ಹೋಗುವುದು.

ಇದನ್ನು ಕಲಿತ ಮೇಲೆ ಸೋದರಮಾವನ ಸಂಗಡ ನರಸೀಪುರ ತಾಲ್ಲೂಕಿಗೇ ಸೇರಿದ ತಲಕಾಡಿಗೆ ಹೋದೆನು. ಗಂಗರ ರಾಜಧಾನಿಯಾಗಿದ್ದ ಆ ಪಟ್ಟಣದ ದೇವಾಲಯಗಳು ಮರಳಿನಲ್ಲಿ ಹೂತುಹೋಗಿರುವುದನ್ನು ಎಲ್ಲರೂ ಕೇಳಿರುವಿರಿ. ೨೦೨೦ರಲ್ಲಿ ಪಂಚಲಿಂಗ ದರ್ಶನವು ನಡೆದಾಗ ಹೋಗಿದ್ದವರೂ ನಮ್ಮ ವಾಚಕರಲ್ಲಿ ಇರಬಹುದು. ಇದಕ್ಕೆ ಕಾರಣವಾಗಿ ಹೇಳುವ ಕಥೆಯು ಅಲಮೇಲಮ್ಮನದು. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ತೆಗೆದುಕೊಂಡ ಬಳಿಕ, ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಪತ್ನಿಯಾದ ಆಕೆಯ ಒಡವೆಗಳಿಗಾಗಿ ಭಟರು ಬೆನ್ನಟ್ಟಿದರೆಂದೂ, ಆಕೆಯು ಮಾಲಂಗಿಯ ಬಳಿ ಕಾವೇರಿಯ ಮಡುವಿಗೆ ಹಾರುವಾಗ ತಲಕಾಡಿಗೂ ಮಾಲಂಗಿಗೂ ಅರಸು ಮನೆತನಕ್ಕೂ ಶಾಪವನ್ನಿತ್ತಳೆಂದೂ ಹೇಳುತ್ತಾರೆ.

ಮಾವನು ಈ ಕಥೆಯನ್ನು ಹೇಳುತ್ತಿರುವಾಗ ನಾನು ಕಾಲಡಿಯ ಮರಳನ್ನು ನೋಡುತ್ತಿದ್ದೆನು. ಕಣಗಳೆಲ್ಲವೂ ಹೆಚ್ಚು ಕಡಮೆ ಒಂದೇ ಗಾತ್ರದವು. ಸಂಗಮದ ಮರಳಿನಲ್ಲಿದ್ದಂತೆ ದಪ್ಪ ಕಲ್ಲುಗಳೂ ಇಲ್ಲ, ಜೇಡಿಯೂ ಇಲ್ಲ. ಜೇಡಿಯು ಧೂಳಾಗಿ ದೂರಕ್ಕೆ ಹಾರಿಹೋಗುವುದು. ದಪ್ಪ ಕಲ್ಲನ್ನು ಗಾಳಿಯು ಎತ್ತಲಾರದು. ನಡುವಣ ಕಣಗಳು ಮಾತ್ರ ನೆಲದಿಂದ ಚಿಮ್ಮಿ, ಬಿದ್ದು, ಮತ್ತೊಂದು ಕಣವನ್ನು ಚಿಮ್ಮಿಸುತ್ತ ಮುಂದುವರಿಯುವುವು. ದಿಬ್ಬದ ಇಳಿಜಾರನ್ನು ಕಂಡು ನನಗೆ ತರಗತಿಯ ಮತ್ತೊಂದು ಪರೀಕ್ಷೆಯು ನೆನಪಾಯಿತು. ಒಣ ಮರಳನ್ನು ತಟ್ಟೆಯಲ್ಲಿ ಗುಡ್ಡೆಯಾಗಿ ಸುರಿದು ಕೋನಮಾಪಕದಿಂದ ಅಳೆದರೆ ಅದರ ಮಗ್ಗುಲು ೩೦ ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿರುವುದು. ಅದಕ್ಕಿಂತ ಕಡಿದಾಗಿ ನಿಲ್ಲಿಸಹೋದರೆ ಜಾರಿಬೀಳುವುದು. ಗಾಳಿಯು ಒಂದು ಮಗ್ಗುಲಿನಿಂದ ಮರಳನ್ನು ಏರಿಸಿ ಮತ್ತೊಂದು ಮಗ್ಗುಲಿಗೆ ಜಾರಿಸುತ್ತ ದಿಬ್ಬವನ್ನೇ ನಡೆಯಿಸುತ್ತದೆ. ಮೈಸೂರು ಗೆಜೆಟಿಯರನ್ನು ಬರೆದ ಬಿ. ಎಲ್. ರೈಸ್ ಅವರು, ತಲಕಾಡಿನ ದಿಬ್ಬಗಳು ಮುಖ್ಯವಾಗಿ ನೈಋತ್ಯ ಮಾರುತದ ಕಾಲದಲ್ಲಿ ವರ್ಷಕ್ಕೆ ೯ ಅಥವಾ ೧೦ ಅಡಿಗಳಂತೆ ಊರಿನ ಮೇಲೆ ಸಾಗುತ್ತಿದ್ದುವೆಂದು ದಾಖಲೆ ಮಾಡಿದ್ದಾರೆ.

ಹಾಗಾದರೆ ಮರಳು ಒಣಗಿ ಗಾಳಿಗೆ ಸಿಕ್ಕಿದ್ದು ಹೇಗೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿದ್ದ ಕೆ. ಎನ್. ಗಣೇಶಯ್ಯನವರು ೨೦೦೭ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ವಿಚಾರಿಸಿದ್ದಾರೆ. ೧೪ನೆಯ ಶತಮಾನದಲ್ಲಿ ಮಾಧವಮಂತ್ರಿಯು ಕಾವೇರಿಗೆ ಕಟ್ಟಿಸಿದ ಅಣೆಯಿಂದ ನೀರಿನ ಹರಿವು ಬದಲಾಗಿ, ತಿರುವಿನಲ್ಲಿ ಸೇರಿದ್ದ ಮರಳು ಬಯಲಾಗಿ, ಗಾಳಿಯು ಅದನ್ನು ಊರಿನ ಮೇಲೆ ತಂದಿತೆಂಬುದು ಅವರ ಅಭಿಪ್ರಾಯ. ಬೇಸಾಯಕ್ಕೆಂದು ಕಟ್ಟಿದ ಕಟ್ಟೆಯು ಒಂದು ಪಟ್ಟಣಕ್ಕೆ ಕೇಡನ್ನು ತರುವುದೆಂದು ಕಟ್ಟಿಸಿದವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ.

ಇದನ್ನು ನಾನು ಮಾವನಿಗೆ ಹೇಳಿದಾಗ, “ಹಾಗಾದರೆ ಅಲಮೇಲಮ್ಮನ ಕಥೆಯು ಸುಳ್ಳೆನ್ನುತ್ತೀಯಾ?” ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಪಾಠಶಾಲೆಗೆ ಹಿಂದಿರುಗಿ ಉಪಾಧ್ಯಾಯಿನಿಯವರನ್ನೇ ಕೇಳಿದೆನು. “ಮರಳಿಗೆ ಕಾರಣವು ಗಾಳಿಯಾದ ಮಾತ್ರಕ್ಕೆ ಒಬ್ಬ ಹೆಂಗಸಿನ ದುಃಖವು ಸುಳ್ಳಾಗುವುದಿಲ್ಲ. ಆಕೆಗೆ ಅನ್ಯಾಯವಾಗಿದ್ದರೆ ಅದು ಅನ್ಯಾಯವೇ. ಮರಳಿನ ಹೊರೆಯನ್ನು ಮಾತ್ರ ಆಕೆಯ ತಲೆಯ ಮೇಲಿನಿಂದ ಇಳಿಸಬಹುದು,” ಎಂದರು. ಆಗ ಈ ಮಾತಿನ ಅರ್ಥವು ನನಗೆ ಪೂರ್ತಿಯಾಗಿ ತಿಳಿಯಲಿಲ್ಲ. ಮುಂದಿನ ವರ್ಷ ತಿಳಿಯಿತು.

೩. ನಮ್ಮ ತೋಟದ ರಸಬಾಳೆ

ನಂಜನಗೂಡಿನ ರಸಬಾಳೆಯ ಕೀರ್ತಿಯನ್ನು ನಾನು ಹೇಳಬೇಕಾದುದಿಲ್ಲ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹಿಂದೆ ನೂರಾರು ಎಕರೆಗಳಲ್ಲಿದ್ದ ಈ ಬೆಳೆಯು ಸೊರಗು ರೋಗದಿಂದ ಬಹಳ ಕ್ಷೀಣಿಸಿಹೋಯಿತು. ನನ್ನ ತಾತನು ಮಾತ್ರ ಹಟದಿಂದ ಒಂದು ತುಂಡು ತೋಟದಲ್ಲಿ ಅದನ್ನೇ ಬೆಳೆಯುತ್ತಿದ್ದರು.

ನನ್ನ ಸೋದರತ್ತೆಯವರು ಗಂಡನನ್ನು ಕಳೆದುಕೊಂಡು ಒಂದು ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೆ ಬಂದರು. ಮುಂದಿನ ಯುಗಾದಿಯ ವೇಳೆಗೆ ತೋಟದ ರಸಬಾಳೆಗಳು ಒಂದೊಂದಾಗಿ ಹಳದಿಗೆ ತಿರುಗತೊಡಗಿದುವು. ಕೆಳಗಿನ ಎಲೆಗಳು ಅಂಚಿನಿಂದ ಒಣಗಿ, ಮುರಿದು, ಕಾಂಡದ ಸುತ್ತಲೂ ಜೋತುಬಿದ್ದುವು. ಗೊನೆ ಬಿಡುವ ಮೊದಲೇ ಗಿಡಗಳು ಸತ್ತುವು. ಆಗ ನೆರೆಹೊರೆಯವರಲ್ಲಿ ಒಂದು ಮಾತು ಹುಟ್ಟಿತು; ಅದು ಮನೆಯೊಳಕ್ಕೂ ಬಂದಿತು. ಕಾಲ್ಗುಣ ಎಂಬುದೇ ಆ ಮಾತು. ಅತ್ತೆಯವರ ಎದುರಿಗೆ ಯಾರೂ ಹೇಳಲಿಲ್ಲ. ಆದರೆ ಅವರು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಹೇಳಿದರು. ಅತ್ತೆಯವರು ತೋಟಕ್ಕೆ ಹೋಗುವುದನ್ನು ಬಿಟ್ಟರು. ತಾತನು ಬೆಳಗ್ಗೆ ಹೊರಡುವ ಹೊತ್ತಿನಲ್ಲಿ ಅಡಿಗೆಮನೆಯಿಂದ ಈಚೆಗೆ ಬರುವುದನ್ನೂ ಬಿಟ್ಟರು. ತಾತನು ಅವರನ್ನು ಬಯ್ಯಲಿಲ್ಲ. ಬಾ ಎಂದು ಕರೆಯಲೂ ಇಲ್ಲ.

ಆ ವರ್ಷವೇ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠವು ನಡೆಯಿತು. ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟು ಒಂದು ಬಗೆಯ ಶಿಲೀಂಧ್ರವೆಂದೂ, ಅದರ ಜಾತಿಯವೇ ಹಲವು ಗಿಡಗಳಿಗೆ ರೋಗವನ್ನು ತರುವುವೆಂದೂ ಕಲಿತೆವು. ನಮ್ಮ ತೋಟದ ಸ್ಥಿತಿಯನ್ನು ನಾನು ಹೇಳಿದೆನು. ಉಪಾಧ್ಯಾಯಿನಿಯವರು ಸತ್ತ ಗಿಡದ ಕಾಂಡದ ಒಂದು ತುಂಡನ್ನು ಮಣ್ಣು ಅಂಟದಂತೆ ಕಾಗದದಲ್ಲಿ ಸುತ್ತಿ ತರಬೇಕೆಂದೂ, ಕೊಯ್ದ ಚೂರಿಯನ್ನು ತೊಳೆಯದೆ ಬೇರೆ ಗಿಡಕ್ಕೆ ತಗುಲಿಸಬಾರದೆಂದೂ ಹೇಳಿದರು. ತುಂಡನ್ನು ಅಡ್ಡಲಾಗಿ ಕೊಯ್ದು ನೋಡಿದಾಗ, ಬಿಳಿಯಾಗಿರಬೇಕಾದ ಒಳಭಾಗದಲ್ಲಿ ಕೆಂಗಂದು ಬಣ್ಣದ ಚುಕ್ಕೆಗಳು ಸಾಲಾಗಿ ಬಳೆಯಂತೆ ಕಂಡುವು. ಉದ್ದಕ್ಕೆ ಸೀಳಿದರೆ ಅವೇ ಗೆರೆಗಳಾಗಿದ್ದುವು. ಅವು ಗಿಡವು ನೀರೆಳೆದುಕೊಳ್ಳುವ ನಾಳಗಳು. ಬಳಿಕ ಒಂದು ಚೂರನ್ನು ತಿಳಿನೀರಿನ ಲೋಟದಲ್ಲಿ ತೂಗಹಾಕಿದರು. ಬ್ಯಾಕ್ಟೀರಿಯಾಗಳಿಂದ ಬರುವ ಸೊರಗಾದರೆ ಕೊಯ್ದ ಕಡೆಯಿಂದ ಹಾಲಿನಂತಹ ಎಳೆಯು ನೀರಿಗೆ ಇಳಿಯುವುದಂತೆ. ಬಹಳ ಹೊತ್ತು ಕಾದರೂ ಇಳಿಯಲಿಲ್ಲ. ಬಣ್ಣದ ಗೆರೆಗಳನ್ನೂ ಎಲೆಗಳು ಜೋತುಬಿದ್ದ ಬಗೆಯನ್ನೂ ಇದರೊಡನೆ ಸೇರಿಸಿ ನೋಡಿದರೆ, ಇದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗವಾಗಿರಬೇಕೆಂದು ಅವರು ಹೇಳಿದರು. ಮುಂದೆ ತೋಟಗಾರಿಕೆ ಇಲಾಖೆಯವರು ಬಂದು ನೋಡಿ ಅದನ್ನೇ ಹೇಳಿದರು.

ಈ ರೋಗವನ್ನು ಕುರಿತು ಮೊದಲು ಬರೆದದ್ದು ೧೮೭೬ರಲ್ಲಿ, ಆಸ್ಟ್ರೇಲಿಯ ದೇಶದಲ್ಲಿ. ಮಧ್ಯ ಅಮೇರಿಕದಲ್ಲಿ ಗ್ರೋ ಮಿಶೆಲ್ ಎಂಬ ಬಾಳೆಯ ಮಹಾತೋಟಗಳನ್ನೆಲ್ಲ ಇದು ೨೦ನೆಯ ಶತಮಾನದ ಮಧ್ಯಭಾಗದ ವೇಳೆಗೆ ಹಾಳುಮಾಡಿತು. ಅಲ್ಲಿಯವರು ಕ್ಯಾವೆಂಡಿಷ್ ಎಂಬ ಬೇರೆ ತಳಿಗೆ ತಿರುಗಬೇಕಾಯಿತು. ಶಿಲೀಂಧ್ರವು ಮಣ್ಣಿನಲ್ಲಿದ್ದು ಬೇರಿನ ಮೂಲಕ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುವುದು. ನೆಲವು ಒದ್ದೆಯಾಗಿದ್ದರೂ ಗಿಡವು ಬಾಯಾರಿ ಸಾಯುವುದು. ಬಾಳೆಯನ್ನು ಬೀಜದಿಂದಲ್ಲ, ಕಂದುಗಳಿಂದ ಬೆಳೆಸುವುದರಿಂದ ಎಲ್ಲ ಗಿಡಗಳೂ ಒಂದೇ ಸ್ವಭಾವದವು. ಒಂದಕ್ಕೆ ತಡೆಯುವ ಶಕ್ತಿಯಿಲ್ಲದಿದ್ದರೆ ಯಾವುದಕ್ಕೂ ಇರುವುದಿಲ್ಲ. ರೋಗವು ಹರಡುವುದು ರೋಗವುಳ್ಳ ಕಂದುಗಳಿಂದ, ಹರಿಯುವ ನೀರಿನಿಂದ, ಗುದ್ದಲಿಗೂ ಕಾಲಿಗೂ ಅಂಟಿದ ಮಣ್ಣಿನಿಂದ. ಒಮ್ಮೆ ಬಂದರೆ ಹತ್ತಾರು ವರ್ಷ ನೆಲದಲ್ಲಿಯೇ ಉಳಿಯಬಲ್ಲದು.

ಕಾಲಿಗೆ ಅಂಟಿದ ಮಣ್ಣು ಎಂಬ ಮಾತನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ಅತ್ತೆಯವರ ಕಾಲೇ ಕಾರಣವಾಗಿದ್ದರೆ? ಉಪಾಧ್ಯಾಯಿನಿಯವರಿಗೆ ಮನೆಯ ಸಂಗತಿಯೆಲ್ಲವನ್ನೂ ಹೇಳಿಬಿಟ್ಟೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರು ಪ್ರಶ್ನೆಗಳನ್ನು ನನ್ನ ಪುಸ್ತಕದಲ್ಲಿ ಬರೆಯಿಸಿದರು. ಕಂದುಗಳನ್ನು ಎಲ್ಲಿಂದ, ಯಾವಾಗ ತಂದರು? ವಿಧವೆಯರಿಲ್ಲದ ಮನೆಗಳವರ ತೋಟಗಳು ಹೇಗಿವೆ? ಅತ್ತೆಯವರು ಮುಟ್ಟಿದ ಬೇರೆ ಬಾಳೆಗಳೇನಾದುವು?

ಆ ಶನಿವಾರ ಊರಿಗೆ ಹೋಗಿ ಊಟವಾದ ಮೇಲೆ ತಾತನ ಹತ್ತಿರ ಕುಳಿತು ಮೊದಲನೆಯ ಪ್ರಶ್ನೆಯನ್ನು ಕೇಳಿದೆನು. ಕಂದುಗಳನ್ನು ಆರಿದ್ರೆ ಮಳೆಯಲ್ಲಿ ನೆಟ್ಟದ್ದೆಂದು ತಾತನೇ ಹೇಳಿದರು. ಅಂದರೆ ಅತ್ತೆಯವರು ಬರುವುದಕ್ಕಿಂತ ನಾಲ್ಕು ತಿಂಗಳು ಮೊದಲು. ತಂದದ್ದು ಪರಿಚಯದವರೊಬ್ಬರ ತೋಟದಿಂದ. ಆ ತೋಟವೂ ಆ ವರ್ಷವೇ ಸೊರಗಿ ಹೋಗಿತ್ತು. ಎರಡನೆಯ ಪ್ರಶ್ನೆಗೆ ಉತ್ತರವು ಊರಿಗೆಲ್ಲ ತಿಳಿದದ್ದೇ. ಗಂಡ, ಮಕ್ಕಳು, ಸೊಸೆಯಂದಿರಿಂದ ತುಂಬಿದ್ದ ಎಷ್ಟೋ ಮನೆಗಳ ರಸಬಾಳೆಯು ನಮಗಿಂತ ಮೊದಲೇ ಹೋಗಿತ್ತು. ಮೂರನೆಯದಕ್ಕೆ ಉತ್ತರವು ನಮ್ಮ ಹಿತ್ತಲಿನಲ್ಲಿಯೇ ನಿಂತಿತ್ತು. ಅಲ್ಲಿರುವ ಪಚ್ಚಬಾಳೆಗೆ ದಿನವೂ ನೀರೆರೆಯುತ್ತಿದ್ದವರು ಅತ್ತೆಯವರೇ. ಅದರಲ್ಲಿ ಆಗ ದೊಡ್ಡ ಗೊನೆಯೊಂದು ತೂಗುತ್ತಿತ್ತು. ಪಚ್ಚಬಾಳೆಯು ಕ್ಯಾವೆಂಡಿಷ್ ಗುಂಪಿಗೆ ಸೇರಿದ್ದು. ರಸಬಾಳೆಯನ್ನು ಕೊಲ್ಲುವ ಬಗೆಯ ಶಿಲೀಂಧ್ರವನ್ನು ಅದು ತಡೆಯಬಲ್ಲದು.

ನಾನು ಪುಸ್ತಕದಲ್ಲಿ ಚಿತ್ರ ಬರೆದು ತೋರಿಸುತ್ತ ಇದನ್ನೆಲ್ಲ ಹೇಳಿ ಮುಗಿಸಿದೆನು. ತಾತನು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಹಾಗಾದರೆ ರೋಗವನ್ನು ತಲೆಯ ಮೇಲೆ ಹೊತ್ತು ತಂದವನು ನಾನೇ,” ಎಂದರು. ಆ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬರ ತಲೆಯ ಮೇಲಿನ ಹೊರೆಯನ್ನಿಳಿಸಿ ಮತ್ತೊಬ್ಬರ ತಲೆಯ ಮೇಲಿಟ್ಟೆನೇ ಎಂದು ಅಳು ಬಂದಿತು. “ಕಂದಿನೊಳಗೆ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ತಾತ. ನಿಮಗೆ ತಿಳಿದಿರಲಿಲ್ಲ,” ಎಂದೆನು. ಮಾಧವಮಂತ್ರಿಯ ಕಟ್ಟೆಯ ವಿಷಯವು ಆಗ ನನ್ನ ನೆನಪಿಗೆ ಬಂದಿತು.

ಮಾರನೆಯ ದಿನ ಬೆಳಗ್ಗೆ ತಾತನು ಗುದ್ದಲಿಯನ್ನು ತೆಗೆದುಕೊಂಡು ಹೊರಟವರು ಹೊಸಲಿನ ಬಳಿ ನಿಂತರು. ಅಡಿಗೆಮನೆಯ ಕಡೆಗೆ ತಿರುಗಿ, “ತೋಟಕ್ಕೆ ಹೋಗೋಣ, ಬಾರವ್ವ,” ಎಂದು ಕರೆದರು. ಅತ್ತೆಯವರು ಬರಲಿಲ್ಲ. ಮತ್ತೊಮ್ಮೆ ಕರೆದರು. ಆಗ ಅವರು ಸೆರಗಿನಲ್ಲಿ ಕೈಯನ್ನೊರಸಿಕೊಳ್ಳುತ್ತ ಈಚೆಗೆ ಬಂದರು. ಇಬ್ಬರೂ ಬೀದಿಯಲ್ಲಿ, ಎಲ್ಲರ ಕಣ್ಣಿನ ಮುಂದೆ, ಒಟ್ಟಿಗೆ ನಡೆದುಹೋದುದನ್ನು ನಾನು ಜಗಲಿಯ ಮೇಲೆ ನಿಂತು ನೋಡಿದೆನು.

೪. ಕಡೆಯ ಮಾತು

ವಿಜ್ಞಾನವು ನಮ್ಮ ತೋಟವನ್ನು ಉಳಿಸಲಿಲ್ಲವೆಂಬುದನ್ನು ಮರೆಮಾಚದೆ ಹೇಳಬೇಕು. ಹತ್ತಿದ ಸೊರಗನ್ನು ವಾಸಿಮಾಡುವ ಔಷಧವಿಲ್ಲ. ಸತ್ತ ಗಿಡಗಳನ್ನು ಗೆಡ್ಡೆಸಮೇತ ಕಿತ್ತು ಸುಟ್ಟೆವು. ಆ ತುಂಡಿಗೆ ನೀರು ಕಟ್ಟಿ ಬತ್ತವನ್ನು ಹಾಕಿದೆವು. ಪ್ರಯೋಗಶಾಲೆಗಳಲ್ಲಿ ಅಂಗಾಂಶದಿಂದ ಬೆಳೆಸಿದ, ರೋಗವಿಲ್ಲದ ರಸಬಾಳೆಯ ಸಸಿಗಳು ದೊರೆಯುತ್ತವೆ. ಅಂಥ ಕೆಲವನ್ನು ಬೇರೊಂದು ನೆಲದಲ್ಲಿ ನೆಟ್ಟಿದ್ದೇವೆ. ಹೊಸ ಸಸಿಗಳ ಮೇಲ್ವಿಚಾರಣೆಯು ಅತ್ತೆಯವರದು. ತೋಟದ ಬಾಗಿಲಿನಲ್ಲಿ ಗುದ್ದಲಿಯನ್ನೂ ಕಾಲನ್ನೂ ತೊಳೆಯದೆ ಅವರು ಯಾರನ್ನೂ ಒಳಕ್ಕೆ ಬಿಡುವುದಿಲ್ಲ, ತಾತನನ್ನು ಕೂಡ. ಊರಿನಲ್ಲಿ ಕೆಲವರು ಇನ್ನೂ ಹಳೆಯ ಮಾತನ್ನೇ ಆಡುತ್ತಾರೆ. ಆದರೆ ನಮ್ಮ ಮನೆಯೊಳಗೆ ಆ ಮಾತಿಗೆ ಈಗ ಎಡೆಯಿಲ್ಲ.

ಈ ಮೂರು ಪಾಠಗಳಿಂದ ನಾನು ತಿಳಿದುಕೊಂಡದ್ದು ಒಂದೇ. ಕಾರಣವು ತಿಳಿಯದಿದ್ದಲ್ಲಿ ಮನುಷ್ಯರು ಸುಮ್ಮನಿರಲಾರರು. ಕೈಗೆ ಸಿಕ್ಕಿದವರನ್ನು ಕಾರಣವೆನ್ನುವರು. ಹಾಗೆ ಸಿಕ್ಕುವವರು ಬಹುಮಟ್ಟಿಗೆ ಎದುರು ಮಾತನಾಡಲಾರದವರೇ ಆಗಿರುತ್ತಾರೆ. ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗದೆಂಬುದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಒಬ್ಬರು ತಲೆಯೆತ್ತಿ ಬೀದಿಯಲ್ಲಿ ನಡೆಯುವುದು ಅದನ್ನೇ ಅವಲಂಬಿಸಿರಬಹುದು.

ತಾಯಿತಂದೆಗಳಾದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ತಮ್ಮ ಹೆಣ್ಣುಮಕ್ಕಳು ರಜೆಗೆ ಮನೆಗೆ ಬಂದಾಗ, ಎಷ್ಟು ಅಂಕಗಳು ಬಂದುವೆಂದು ಕೇಳುವಂತೆಯೇ, ಏನನ್ನು ಕಲಿತೆಯೆಂದೂ ಕೇಳಬೇಕು. ಅವರು ಹೇಳುವುದನ್ನು ನನ್ನ ತಾತನು ಕೇಳಿದಂತೆ ಕೊನೆಯವರೆಗೂ ಕೇಳಬೇಕು. ಹಿರಿಯ ವಿದ್ಯಾರ್ಥಿನಿಯರಲ್ಲಿ ಇಂಥ ಪಾಠವೊಂದು ಮನೆಗೆ ಉಪಯೋಗವಾದ ಅನುಭವವುಳ್ಳವರು ಮುಂದಿನ ಸಂಚಿಕೆಗೆ ಅದನ್ನು ಬರೆದು ಕಳುಹಿಸುವರೆಂದು ನಂಬಿ, ಈ ಲೇಖನವನ್ನು ಮುಗಿಸುತ್ತೇನೆ.